ಪ್ಲಸ್ ಪ್ಲಸ್ ಅಂದ್ರೆ ಏನು ಸ್ವಾಮಿ?

ವೀಕ್ಷಕರೇ, ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬೆಂಗಳೂರಿನಲ್ಲಿ ದುಡಿಯೋ ಮಗನೋ ಮಗಳೋ ಇರೋ ಮನೆಗಳು ಎಷ್ಟಿಲ್ಲ! ಅಪ್ಪ-ಅಮ್ಮ ರೈಲು ಹತ್ತಿ ನೋಡೋಕೆ ಬರ್ತಾರೆ. ಒಂದು ಸಲವಾದ್ರೂ ಇವರನ್ನ ದೊಡ್ಡ ಹೋಟೆಲಿಗೆ ಕರ್ಕೊಂಡು ಹೋಗ್ಬೇಕು ಅನ್ನೋದು ಮಕ್ಕಳ ಆಸೆ. ಅದಕ್ಕೆ ಸರಿಯಾಗಿ ಫೋನಿಗೆ ಒಂದು ಜಾಹೀರಾತು ಬರುತ್ತೆ. ರೆಸ್ಟೋರೆಂಟ್ ವೀಕ್, ಸ್ಟಾರ್ ಹೋಟೆಲಿನಲ್ಲಿ ಮೂರು ಕೋರ್ಸಿನ ಊಟ, ತಲೆಗೆ 1,500 ರೂಪಾಯಿ ಮಾತ್ರ! ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಪ್ಲಸ್ ಪ್ಲಸ್. ಇವತ್ತು ನನ್ನ ಮಾತೆಲ್ಲ ಆ ಎರಡು ಪ್ಲಸ್ ಬಗ್ಗೆ.

ಈ ಪದ್ಧತಿ ಶುರುವಾಗಿದ್ದು 1992ರಲ್ಲಿ, ನ್ಯೂಯಾರ್ಕಿನಲ್ಲಿ. ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನಡೆದಾಗ ಅಲ್ಲಿನ ದುಬಾರಿ ಹೋಟೆಲುಗಳು ಇಸವಿಯನ್ನೇ ಬೆಲೆ ಮಾಡಿ, 19.92 ಡಾಲರಿಗೆ ಮಧ್ಯಾಹ್ನದ ಊಟ ಹಾಕಿದವು. ಅದು ಊರೂರಿಗೆ ಹಬ್ಬಿ ಬೆಂಗಳೂರಿಗೂ ಬಂತು. ಗೊತ್ತಾದ ಬೆಲೆ, ಗೊತ್ತಾದ ಅಡುಗೆ. ಫ್ರೆಂಚರು ಪ್ರಿ ಫಿಕ್ಸ್ ಅಂತಾರೆ, ಕಡೂರಿನ ಹೆದ್ದಾರಿಯಲ್ಲಿ ನಾವು ಪ್ಲೇಟ್ ಊಟ ಅಂತೀವಿ. ಅಷ್ಟೇ. ಆದರೆ ಪ್ಲೇಟ್ ಊಟಕ್ಕೆ ಬೋರ್ಡಿನಲ್ಲಿ ಇರೋಷ್ಟು ದುಡ್ಡು ಕೊಟ್ಟು, ಕೈ ತೊಳೆದು ಹೊರಡ್ತೀರಿ.

ಇಲ್ಲಿ ಹಾಗಲ್ಲ. ಲೆಕ್ಕ ಹಾಕೋಣ. ನಾಲ್ಕು ಜನಕ್ಕೆ 6,000. ಶೇಕಡಾ 10 ಸರ್ವಿಸ್ ಚಾರ್ಜ್ ಹಾಕಿದ್ರೆ 6,600. ಕೋಣೆ ಬಾಡಿಗೆ 7,500 ದಾಟೋ ಸ್ಟಾರ್ ಹೋಟೆಲಾದ್ರೆ ಊಟಕ್ಕೆ ಜಿಎಸ್‌ಟಿ ಶೇಕಡಾ 18. ಸರ್ವಿಸ್ ಚಾರ್ಜಿನ ಮೇಲೂ ತೆರಿಗೆ! ಒಟ್ಟು 7,788. ನೀರಿನ ಬಾಟಲಿ, ಜ್ಯೂಸು ಬೇರೆ. ಬಿಲ್ ನೋಡಿದ ಅಜ್ಜಂಪುರದ ಈರುಳ್ಳಿ ಬೆಳೆಗಾರ ಮನಸ್ಸಿನಲ್ಲೇ ಎಷ್ಟು ಚೀಲ ಆಯ್ತು ಅಂತ ಎಣಿಸ್ತಾನೆ, ಮಗಳ ಮುಖ ನೋಡಿ ಸುಮ್ಮನಾಗ್ತಾನೆ. ಮಗಳೂ ಕೇಳಲ್ಲ. ಪಕ್ಕದ ಟೇಬಲ್ಲಿನವರು ಏನಂದ್ಕೊಳ್ತಾರೋ ಅನ್ನೋ ಸಂಕೋಚ. ಈ ಸಂಕೋಚ ಇದೆಯಲ್ಲ, ಅದರ ಮೇಲೇ ಈ ವ್ಯಾಪಾರ ನಡೀತಿರೋದು ಅಂತ ನನಗನ್ನಿಸುತ್ತೆ.

ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತೆ, ಕಟ್ಟಲೇಬೇಕು. ಸರ್ವಿಸ್ ಚಾರ್ಜ್ ತೆರಿಗೆಯೇ ಅಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲಿನವರು ಕೋರ್ಟಿಗೆ ಹೋದರು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿ ಹಿಡೀತು. ಬಡಿಸಿದ ಹುಡುಗನಿಗೆ ಕೊಡಬೇಕು ಅನ್ನಿಸಿದ್ರೆ ಅವನ ಕೈಗೇ ಕೊಡಿ. ಎಷ್ಟೋ ಸಲ ಅವನೂ ನಮ್ಮ ಕಡೆಯ ಹುಡುಗನೇ ಆಗಿರ್ತಾನೆ.

ಕಮ್ಮಿ ಬೆಲೆಗೆ ಊಟ ಹಾಕಿದ್ರೆ ಹೋಟೆಲಿನವರಿಗೆ ನಷ್ಟ ಅಲ್ವಾ ಅಂತೀರಾ? ಆಗುತ್ತೆ. ತುರ್ತು ಪರಿಸ್ಥಿತಿಯ ಕಾಲ ನೆನಪಿಸಿಕೊಳ್ಳಿ. ತಿಂಡಿ ಊಟದ ಬೆಲೆಯನ್ನ ಸರ್ಕಾರವೇ ಇಳಿಸಿತು. ಲಾಲ್‌ಬಾಗ್ ರಸ್ತೆಯ ಎಂಟಿಆರ್ ರುಚಿ ಇಳಿಸಲಿಲ್ಲ, ತುಪ್ಪ ಕಡಿಮೆ ಮಾಡಲಿಲ್ಲ. ಬದಲಿಗೆ ದಿನದ ನಷ್ಟ ಎಷ್ಟು ಅಂತ ಬೋರ್ಡಿನಲ್ಲಿ ಬರೆದು ಗಿರಾಕಿಗಳ ಮುಂದಿಟ್ಟರು! ಕೊನೆಗೆ ಹೋಟೆಲ್ ಮುಚ್ಚಿ, ರವೆ ಇಡ್ಲಿ ಮಿಕ್ಸು, ಸಾರಿನ ಪುಡಿ ಮಾರಿ ಬದುಕಬೇಕಾಯ್ತು. ಅಲ್ಲಿ ನಷ್ಟವನ್ನೂ ದೊಡ್ಡ ಅಕ್ಷರದಲ್ಲಿ ಬರೆದರು, ಇಲ್ಲಿ ಬೆಲೆಯನ್ನೇ ಸಣ್ಣ ಅಕ್ಷರದಲ್ಲಿ ಬರೀತಾರೆ.

ಹೋಗಬೇಡಿ ಅಂತ ನಾನು ಹೇಳಲ್ಲ. ಧಾರಾಳವಾಗಿ ಹೋಗಿ. ತೆಂಗು, ಅಡಿಕೆ, ಈರುಳ್ಳಿ ಬೆಳೆದು ಮಕ್ಕಳನ್ನ ಓದಿಸಿದ ಅಪ್ಪ-ಅಮ್ಮ ಒಂದು ದಿನ ಮೆತ್ತನೆ ಕುರ್ಚಿಯಲ್ಲಿ ಕೂತು ಊಟ ಮಾಡ್ಲಿ. ಆದರೆ ಟೇಬಲ್ ಬುಕ್ ಮಾಡುವಾಗಲೇ ಫೋನಿನಲ್ಲಿ ಕನ್ನಡದಲ್ಲಿ ಕೇಳಿ: ‘ಎಲ್ಲಾ ಸೇರಿ ತಲೆಗೆ ಎಷ್ಟು?’ ಕೂತ ಮೇಲೆ, ಕುಡಿಯೋಕೆ ಸಾದಾ ನೀರು ಕೊಡಿ ಅನ್ನಿ. ಬಾಟಲಿ ನೀರನ್ನ ಎಂಆರ್‌ಪಿಗಿಂತ ಜಾಸ್ತಿಗೆ ಮಾರೋಕೆ ಹೋಟೆಲುಗಳಿಗೆ ಅಡ್ಡಿಯಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿಬಿಟ್ಟಿದೆ. ಸರ್ವಿಸ್ ಚಾರ್ಜ್ ಹಾಕಿದ್ರೆ ತೆಗೀರಿ ಅನ್ನಿ. ತೆಗೆಯಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ ಇದೆ, ನಂಬರ್ 1915.