ಕೊರಳಿನ ಕಾವಲು



ನಾನು ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವನು; ವೈದ್ಯನಲ್ಲ, ಪ್ರಾಣಿಶಾಸ್ತ್ರ ಓದಿದವನೂ ಅಲ್ಲ. ಆದರೂ ರಕ್ತದ ಒತ್ತಡವನ್ನು ಕುರಿತು ಮಾತನಾಡಲು ಒಪ್ಪಿಕೊಂಡದ್ದೇಕೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಿದ್ದೆ.

ಎರಡು ವರ್ಷದ ಹಿಂದಿನ ಆಷಾಢ. ನಡುರಾತ್ರಿಯ ಗಾಳಿ ಮಳೆಗೆ ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು. ಪುಸ್ತಕದ ಬೀರು ನೆನೆದೀತೆಂಬ ಗಾಬರಿಯಲ್ಲಿ ಹಾಸಿಗೆಯಿಂದ ಧಡಕ್ಕನೆ ಎದ್ದೆ. ನಾಲ್ಕು ಹೆಜ್ಜೆ ಇಟ್ಟದ್ದು ನೆನಪಿದೆ. ಆಮೇಲೆ ನೆನಪಿರುವುದು ತಲೆಯ ಕೆಳಗೆ ನನ್ನಾಕೆಯ ಕೈ, ಹುಬ್ಬಿನ ಮೇಲೆ ಬೆಚ್ಚಗೆ ಇಳಿಯುತ್ತಿದ್ದ ರಕ್ತ. ಮೂರು ಹೊಲಿಗೆ ಬಿದ್ದವು.

ಅದಕ್ಕೆ ಮೊದಲು ಹಲವು ವರ್ಷಗಳಿಂದ ನಾನು ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದೆ. ಹೋದಾಗಲೆಲ್ಲ ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಿದ್ದರು. ಅಂಕಿ ಏರಿದ್ದರೆ ಮಾತ್ರೆಯನ್ನೂ ಏರಿಸುತ್ತಿದ್ದರು. ಒಮ್ಮೆಯಾದರೂ ನಿಲ್ಲಿಸಿ ನೋಡಿದವರಿಲ್ಲ. ಹೊಲಿಗೆ ಹಾಕಿದ ತರುಣ ವೈದ್ಯರು ಮಾತ್ರ ನನ್ನನ್ನು ಮಲಗಿಸಿ ಅಳೆದರು, ಎಬ್ಬಿಸಿ ನಿಲ್ಲಿಸಿ ಮತ್ತೆ ಅಳೆದರು. ಮಲಗಿದ್ದಾಗ 150 ಇದ್ದ ಮೇಲಿನ ಅಂಕಿ ನಿಂತಾಗ 118ಕ್ಕೆ ಕುಸಿದಿತ್ತು. ನಿಂತ ಮೂರು ನಿಮಿಷದೊಳಗೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಗಮನಿಸಬೇಕಾದ ದೋಷವೆಂದು ಅವರು ಪರಿಗಣಿಸುತ್ತಾರಂತೆ. "ನಿಮ್ಮ ಒತ್ತಡ ಹೆಚ್ಚಿರುವುದು ನಿಜ ಸಾರ್. ಆದರೆ ಅದನ್ನು ಕಾಯುವವರು ಸ್ವಲ್ಪ ನಿಧಾನವಾಗಿದ್ದಾರೆ" ಎಂದರು.

ಕಾಯುವವರು ಯಾರು? ಈ ಪ್ರಶ್ನೆಯನ್ನು ಹಿಡಿದುಕೊಂಡು ಪಕ್ಕದ ಬೀದಿಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿ, ಪ್ರಾಣಿಶಾಸ್ತ್ರದ ಮೇಷ್ಟರನ್ನು ಕಾಡಿದೆ. ಅವರ ಮನೆಯ ಜಗಲಿಯಲ್ಲಿ ಕಲಿತದ್ದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮಲಗಿದವನು ಎದ್ದು ನಿಂತ ಕ್ಷಣದಲ್ಲಿ ಅರ್ಧ ಲೀಟರಿಗೂ ಮಿಕ್ಕ ರಕ್ತ ಕಾಲುಗಳ ಕಡೆಗೆ, ಹೊಟ್ಟೆಯ ಕಡೆಗೆ ಇಳಿದುಹೋಗುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಅದು ಮೆದುಳಿನತ್ತ ತಳ್ಳುವುದೂ ಕಡಿಮೆಯಾಗಬೇಕು. ಲೆಕ್ಕದ ಪ್ರಕಾರ ನಾವೆಲ್ಲ ಪ್ರತಿ ಬೆಳಗ್ಗೆಯೂ ಬೀಳಬೇಕು. ಮಗುವೊಂದು ಚಾಪೆಯಿಂದ ಚಿಮ್ಮಿ ಎದ್ದು ಓಡುತ್ತದಲ್ಲ, ಅದು ಹೇಗೆ?

ಕೊರಳಿನ ಎರಡು ಬದಿಗಳಲ್ಲಿಯೂ ತಲೆಗೆ ರಕ್ತವನ್ನೊಯ್ಯುವ ದೊಡ್ಡ ಅಪಧಮನಿಯೊಂದಿದೆ. ದವಡೆಯ ಮೂಲೆಯ ಕೆಳಗೆ ಅದು ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ಬಳಿ ಗೋಡೆ ತುಸು ಉಬ್ಬಿಕೊಂಡಿರುತ್ತದೆ. ಕೆರೋಟಿಡ್ ಸೈನಸ್ ಎಂದು ಅದಕ್ಕೆ ಹೆಸರು. ಅದರ ಗೋಡೆಯೊಳಗೆ ನರಗಳ ತುದಿಗಳು ಹರಡಿಕೊಂಡಿವೆ. ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನಲ್ಲಿಯೂ ಇಂಥವೇ ಇವೆ. ಇವು ನೇರವಾಗಿ ಒತ್ತಡವನ್ನು ಅರಿಯವು. ಅರಿಯುವುದು ಗೋಡೆ ಎಷ್ಟು ಹಿಗ್ಗಿತೆಂಬುದನ್ನು. ಒಂದೊಂದು ಬಡಿತಕ್ಕೂ ಗೋಡೆ ಹಿಗ್ಗಿದಾಗ ಇವು ಮೆದುಳಿನ ಬುಡಕ್ಕೆ ಸುದ್ದಿ ಕಳುಹಿಸುತ್ತವೆ. ಒತ್ತಡ ಏರಿದರೆ ಸುದ್ದಿ ದಟ್ಟವಾಗುತ್ತದೆ. ಆಗ ಮೆದುಳು ವೇಗಸ್ ಎಂಬ ನರದ ಮೂಲಕ ಹೃದಯದ ಲಗಾಮನ್ನು ಬಿಗಿಹಿಡಿಯುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ.

ಒತ್ತಡ ಇಳಿದಾಗ ಏನಾಗುತ್ತದೆಂಬುದು ನನ್ನನ್ನು ಇನ್ನೂ ಬೆರಗುಗೊಳಿಸಿತು. ಆಗ ಈ ನರಗಳು ಕೂಗಿಕೊಳ್ಳುವುದಿಲ್ಲ, ಮೌನವಾಗುತ್ತವೆ. ಆ ಮೌನವನ್ನೇ ಮೆದುಳು ಅಪಾಯದ ಕರೆಯೆಂದು ಓದಿಕೊಳ್ಳುತ್ತದೆ. ಒಂದೆರಡು ಬಡಿತಗಳೊಳಗೆ ಲಗಾಮು ಸಡಿಲವಾಗಿ ಹೃದಯ ಓಡತೊಡಗುತ್ತದೆ. ಮತ್ತೆ ಕೆಲವೇ ಕ್ಷಣಗಳಲ್ಲಿ ಕೈಕಾಲು ಹೊಟ್ಟೆಗಳ ನಾಳಗಳು ಬಿಗಿದುಕೊಳ್ಳುತ್ತವೆ. ಚಾಪೆಯಿಂದ ಚಿಮ್ಮಿದ ಮಗುವಿಗೆ ಇದಾವುದೂ ತಿಳಿಯುವುದಿಲ್ಲ.

ಕೆರೋಟಿಡ್ ಎಂಬ ಮಾತಿನ ಮೂಲ ಗ್ರೀಕ್ ಭಾಷೆಯಲ್ಲಿದೆ. ಜೋಂಪು ಹಿಡಿಸು, ಮಂಪರು ಕವಿಸು ಎಂಬರ್ಥದ ಧಾತುವಿನಿಂದ ಬಂದದ್ದು. ಕೊರಳಿನ ಈ ನಾಳಗಳನ್ನು ಅದುಮಿದರೆ ಎಚ್ಚರ ತಪ್ಪುತ್ತದೆಂದು ಆ ಪ್ರಾಚೀನರು ಬಲ್ಲರು. ನಮ್ಮ 'ಧಮನಿ'ಯಲ್ಲಿರುವುದು ಊದು ಎಂಬರ್ಥದ ಸಂಸ್ಕೃತ ಧಾತು. ಇನ್ನು ನಮ್ಮ ಆಡುಮಾತಿನಲ್ಲಿ ರಕ್ತನಾಳವೂ 'ನರ'ವೇ, ಸುದ್ದಿಯೊಯ್ಯುವುದೂ 'ನರ'ವೇ. ಈ ಗೊಂದಲದಿಂದ ನನಗೆ ಮೇಷ್ಟರ ಜಗಲಿಯ ಮೇಲೆ ಎರಡು ದಿನ ನಷ್ಟವಾಯಿತು.

ಈ ಅರಿವು ದಕ್ಕಿದ್ದು ಪ್ರಾಣಿಗಳಿಂದ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಹೆಣ್ಣುಕುದುರೆಯೊಂದನ್ನು ಅಂಗಾತ ಕಟ್ಟಿ ಹಾಕಿಸಿ, ಅದರ ಅಪಧಮನಿಗೆ ಹಿತ್ತಾಳೆಯ ಕೊಳವೆಯನ್ನೂ ಅದಕ್ಕೆ ಉದ್ದನೆಯ ಗಾಜಿನ ನಳಿಗೆಯನ್ನೂ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಮೇಲೇರಿ ನಿಂತಿತು. ಪ್ರತಿ ಬಡಿತಕ್ಕೂ ಏರಿಳಿಯಿತು. ಈ ವಿವರ ಅಚ್ಚಾದದ್ದು 1733ರಲ್ಲಿ. ಒತ್ತಡವೆಂಬುದನ್ನು ಮನುಷ್ಯ ಕಣ್ಣಾರೆ ಕಂಡು ಅಳೆದದ್ದು ಹಾಗೆ. ಆ ಕುದುರೆ ಉಳಿಯಲಿಲ್ಲ. ಓದುತ್ತ ನನಗೆ ಸಂಕಟವಾಯಿತು. ಅದೇ ಹೊತ್ತಿನಲ್ಲಿ ನನ್ನ ತೋಳಿಗೆ ಸುತ್ತುವ ಪಟ್ಟಿಯೂ ನೆನಪಾಯಿತು. ಈ ಎರಡನ್ನೂ ಒಟ್ಟಿಗೆ ಹೊಂದಿಸಿಕೊಳ್ಳುವುದು ನನಗೆ ಇನ್ನೂ ಸಾಧ್ಯವಾಗಿಲ್ಲ.

1866ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಕಾರ್ಲ್ ಲುಡ್ವಿಗ್ ಮತ್ತು ಸಿಯಾನ್ ಎಂಬಿಬ್ಬರು ಮೊಲದ ಕೊರಳಿನಲ್ಲಿ ಒಂದು ತೆಳ್ಳನೆಯ ನರವನ್ನು ಗುರುತಿಸಿದರು. ಕತ್ತರಿಸಿ, ಹೃದಯದ ಕಡೆಯ ತುದಿಯನ್ನು ವಿದ್ಯುತ್ತಿನಿಂದ ಕೆಣಕಿದರೆ ಏನೂ ಆಗಲಿಲ್ಲ. ಮೆದುಳಿನ ಕಡೆಯ ತುದಿಯನ್ನು ಕೆಣಕಿದೊಡನೆ ಒತ್ತಡ ಇಳಿಯಿತು, ಬಡಿತ ನಿಧಾನವಾಯಿತು. ಹಾಗಾದರೆ ಈ ನರ ಹೃದಯಕ್ಕೆ ಆಜ್ಞೆ ತರುವುದಲ್ಲ, ಮೆದುಳಿಗೆ ವರದಿ ಒಯ್ಯುವುದು! ಈ ಸಿಯಾನ್ ಮುಂದೆ ರಷ್ಯದಲ್ಲಿ ಪಾವ್ಲೋವ್‌ನಿಗೆ ಗುರುವಾದವನು. ಅದೇ 1866ರಲ್ಲಿ ಚೆರ್ಮಾಕ್ ಎಂಬಾತ ಮನುಷ್ಯನ ಕೊರಳನ್ನೊತ್ತಿದರೆ ನಾಡಿ ನಿಧಾನವಾಗುವುದನ್ನು ಕಂಡು, ತಾನು ವೇಗಸ್ ನರವನ್ನೇ ಒತ್ತಿದೆನೆಂದು ಭಾವಿಸಿದ. ಅದು ಕೆರೋಟಿಡ್ ಸೈನಸ್ಸಿನ ಕೆಲಸವೆಂದು ಹೇರಿಂಗ್ ತೋರಿಸಲು 1923 ಬರಬೇಕಾಯಿತು. ಶ್ರೋತೃಗಳು ದಯವಿಟ್ಟು ಇದನ್ನು ತಮ್ಮ ಕೊರಳಿನ ಮೇಲೆ ಪರೀಕ್ಷಿಸಬಾರದು. ಕೆಲವರಿಗೆ ಬಿಗಿಯಾದ ಕಾಲರೇ ಸಾಕು, ಕಣ್ಣು ಕತ್ತಲೆಗಟ್ಟುತ್ತದೆ. ಮುಚ್ಚುಗೊರಳಿನ ಕೋಟು ತೊಟ್ಟೇ ಮೂವತ್ತೆರಡು ವರ್ಷ ಪಾಠ ಹೇಳಿದ ನನಗೆ ಇದು ತಡವಾಗಿ ತಿಳಿಯಿತು.

ಮೈಸೂರಿನ ಮೃಗಾಲಯದಲ್ಲಿ ಜಿರಾಫೆಯನ್ನು ನೀವೂ ನೋಡಿರಬಹುದು. ಅದರ ಮೆದುಳು ಹೃದಯಕ್ಕಿಂತ ಸುಮಾರು ಎರಡು ಮೀಟರ್ ಮೇಲಿದೆ. ಅಷ್ಟೆತ್ತರಕ್ಕೆ ರಕ್ತವನ್ನು ಏರಿಸಬೇಕಾಗಿ ಅದರ ಹೃದಯದ ಬಳಿಯ ಒತ್ತಡ ನಮ್ಮದರ ಹೆಚ್ಚುಕಡಮೆ ಎರಡರಷ್ಟು. ಮುಂಗಾಲು ಅಗಲಿಸಿ ನೀರಿಗೆ ಬಾಗಿದಾಗ ತಲೆ ಹೃದಯಕ್ಕಿಂತ ಕೆಳಗೆ ಬರುತ್ತದೆ. ಬೆದರಿ ಥಟ್ಟನೆ ತಲೆಯೆತ್ತಿದರೂ ಅದು ನನ್ನ ಹಾಗೆ ಬೀಳುವುದಿಲ್ಲ. ಒತ್ತಡವನ್ನರಿಯುವ ನರಗಳ ಜೊತೆಗೆ ಅದಕ್ಕೆ ಕೊರಳಿನ ಸಿರೆಗಳ ಕವಾಟಗಳಂಥ ಬೇರೆ ಏರ್ಪಾಡುಗಳೂ ಇವೆ.

ಈ ಕಾವಲಿಗೆ ಒಂದು ಮಿತಿಯಿದೆ; ನನ್ನ ಕಥೆ ಅಲ್ಲಿಯೇ ಇದೆ. 1956ರಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗವೊಂದು ತೋರಿಸಿದ್ದೇನೆಂದರೆ, ಒತ್ತಡ ಬಹುಕಾಲ ಏರಿಯೇ ಇದ್ದರೆ ಈ ನರಗಳು ಆ ಏರಿದ ಮಟ್ಟವನ್ನೇ ಸಹಜವೆಂದು ಒಪ್ಪಿಕೊಂಡುಬಿಡುತ್ತವೆ, ಇಳಿಸಲು ಹೋಗುವುದಿಲ್ಲ. 1973ರಲ್ಲಿ ಅಮೆರಿಕದ ಕೌಲಿ ಮತ್ತು ಸಂಗಡಿಗರು ನಾಯಿಗಳಲ್ಲಿ ಈ ನರಗಳನ್ನು ಕಡಿದು ದಿನವಿಡೀ ಒತ್ತಡವನ್ನು ಅಳೆದರು. ಅದು ಕ್ಷಣಕ್ಷಣಕ್ಕೂ ಹುಚ್ಚೆದ್ದು ಏರಿಳಿಯಿತು, ಆದರೆ ದಿನದ ಸರಾಸರಿ ಅಷ್ಟೇನೂ ಬದಲಾಗಲಿಲ್ಲ. ಕ್ಷಣದ ಏರಿಳಿತವನ್ನು ಕಾಯುವುದು ಕೊರಳಿನ ನರ. ತಿಂಗಳು ವರ್ಷಗಳ ಲೆಕ್ಕದಲ್ಲಿ ಮೂತ್ರಪಿಂಡಗಳ ಪಾತ್ರವೇ ದೊಡ್ಡದು. ಹಿಗ್ಗುವುದನ್ನು ಈ ನರತುದಿಗಳು ಹೇಗೆ ಅರಿಯುತ್ತವೆಂಬುದಕ್ಕೆ ಉತ್ತರ ದೊರೆತದ್ದಂತೂ ತೀರ ಈಚೆಗೆ. 2010ರಲ್ಲಿ ಪಟಪೂಟಿಯನ್ ಅವರ ತಂಡ ಪಿಯೆಜೊ ಎಂಬ ಪ್ರೋಟೀನುಗಳನ್ನು ಕಂಡುಹಿಡಿಯಿತು. ಇಲಿಗಳಲ್ಲಿ ಈ ಕಾವಲು ನಡೆಯುವುದು ಅವುಗಳಿಂದಲೇ ಎಂಬುದು 2018ರಲ್ಲಿ ಖಚಿತವಾಯಿತು. 2021ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಸಂದಿತು.

ವಯಸ್ಸಾದಂತೆ ಅಪಧಮನಿಯ ಗೋಡೆ ಬಿರುಸಾಗುತ್ತದೆ. ಹಿಗ್ಗದ ಗೋಡೆಯಿಂದ ನರಕ್ಕೆ ಸುದ್ದಿ ಎಲ್ಲಿಂದ ಬರಬೇಕು? ಅದರ ಮೇಲೆ ನಾಳಗಳನ್ನು ಸಡಿಲಿಸುವ ಮಾತ್ರೆಯೂ ಸೇರಿದರೆ, ಬಿಗಿದುಕೊಳ್ಳಬೇಕಾದ ಹೊತ್ತಿಗೆ ಅವು ಬಿಗಿದುಕೊಳ್ಳುವುದಿಲ್ಲ. ಕಿಟಕಿಯತ್ತ ಹೊರಟ ಆ ರಾತ್ರಿ ನನಗೆ ಆದದ್ದು ಇಷ್ಟೇ. ಹಾಗೆಂದು ಮಾತ್ರೆಯನ್ನು ತಾವಾಗಿ ಯಾರೂ ಬಿಡಬಾರದು. ನನ್ನದನ್ನು ವೈದ್ಯರೇ ಕಡಿಮೆ ಮಾಡಿ ಬೇರೆಯದನ್ನು ಕೊಟ್ಟರು. ಈಗ ಅಳೆಸಿಕೊಳ್ಳಲು ಹೋದಾಗಲೆಲ್ಲ, ನಿಂತೂ ಒಮ್ಮೆ ನೋಡಿರೆಂದು ನಾನೇ ಕೇಳುತ್ತೇನೆ. ಕೆಲವರಿಗೆ ಇದು ಅಧಿಕಪ್ರಸಂಗವೆನಿಸುತ್ತದೆ, ಎನಿಸಲಿ.

ಮನೆಯಲ್ಲಿ ಮಂಚದಂಚಿಗೆ ಕಾಲು ಇಳಿಬಿಟ್ಟು ಎರಡು ನಿಮಿಷ ಕುಳಿತೇ ಏಳಬೇಕೆಂಬುದು ನನ್ನಾಕೆಯ ಕಟ್ಟಪ್ಪಣೆ. ಈ ಭಾಷಣ ಮುಗಿದ ಮೇಲೂ ಹಾಗೆಯೇ ಸ್ವಲ್ಪ ಹೊತ್ತು ಇಲ್ಲಿ ಕುಳಿತಿರುತ್ತೇನೆಂದು ನಿಲಯದವರಿಗೆ ಮೊದಲೇ ತಿಳಿಸಿದ್ದೇನೆ.