ಬಣ್ಣ ಬಳಿಯದ ಮೋಟಾರಿನ ಮೈಕಾಪು

(ನಮ್ಮ ಸಂಘದ ತಿಂಗಳ ಉಪನ್ಯಾಸದಲ್ಲಿ ಮಾಡಿದ ಭಾಷಣ)



ಸಾಹಿತ್ಯ, ಸಂಗೀತ, ನಾಟಕಗಳ ವಿಷಯವಾಗಿ ಅಧಿಕಾರದಿಂದ ಮಾತನಾಡಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೀಗಿರುವಾಗ ಬ್ಯಾಂಕಿನ ಗುಮಾಸ್ತನೊಬ್ಬನು ಎದ್ದು ನಿಂತು ಅಲ್ಯೂಮಿನಿಯಂ ತಗಡಿನ ವಿಚಾರ ಹೇಳಹೊರಟರೆ ತಮಗೆ ಆಶ್ಚರ್ಯವಾಗಬಹುದು. ನಾನು ಓದಿದ್ದು ಬಿ.ಕಾಂ.; ಇಂಜಿನಿಯರನಲ್ಲ. ಆದರೆ ಭಾನುವಾರಗಳಂದು ನಮ್ಮ ಬೀದಿಯ ಟಿಂಕರಿಂಗ್ ಶೆಡ್ಡಿನಲ್ಲಿ ಕುಳಿತು ತಗಡು ತಟ್ಟುವುದನ್ನೂ ಉಜ್ಜುವುದನ್ನೂ ಕಲಿತಿದ್ದೇನೆ. ಅದು ಗೊತ್ತಿದ್ದುದರಿಂದ, ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಸಂಘದ ಇಬ್ಬರು ಮಕ್ಕಳು ಒಂದು ಪ್ರಶ್ನೆ ಹಿಡಿದು ಬಂದರು. ಕಾಲೇಜಿನ ಸ್ಪರ್ಧೆಗಾಗಿ ಅವರ ತಂಡ ಕೈಯಾರೆ ಒಂದು ಮೋಟಾರು ಕಟ್ಟುತ್ತಿದೆ. "ಮಾವ, ಮೈ ತಗಡಿಗೆ ಬಣ್ಣ ಬಳಿಯದೆ ಬೆಳ್ಳಿಯ ಹಾಗೆ ಬಿಟ್ಟರೆ ಆಗದೇ?" ಎಂಬುದು ಅವರ ಪ್ರಶ್ನೆ. ಆ ಗಾಡಿಗೆ ಹಣ ಕೊಟ್ಟವರಲ್ಲಿ ಈ ಸಭೆಯಲ್ಲಿರುವ ಕೆಲವರೂ ಇದ್ದಾರೆ. ಮುಂದಿನ ವರ್ಷ ಅದೇ ತಗಡು ಕಿರಿಯ ವಿದ್ಯಾರ್ಥಿಗಳ ಕೈಗೆ ಹೋಗಬೇಕು. ಆದುದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಹೇಳುವುದು ಲೇಸೆಂದು ತೋರಿತು.

ಮನೆಯಲ್ಲಿಯೇ ಮೋಟಾರು ಕಟ್ಟುವ ಹವ್ಯಾಸ ಬಲವಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. 1957ರಲ್ಲಿ ಕಾಲಿನ್ ಚಾಪ್ಮನ್ ಎಂಬ ಇಂಜಿನಿಯರು 'ಲೋಟಸ್ ಸೆವೆನ್' ಎಂಬ ಪುಟ್ಟ ಗಾಡಿಯನ್ನು ಹೊರತಂದರು. ಪೂರ್ತಿ ಜೋಡಿಸಿದ ಗಾಡಿಗೆ ಅಲ್ಲಿ ಆಗ ಖರೀದಿ ತೆರಿಗೆ ಇತ್ತು. ಬಿಡಿ ಭಾಗಗಳನ್ನು ಕೊಂಡು ಮನೆಯಲ್ಲಿ ಜೋಡಿಸಿಕೊಂಡವರಿಗೆ ಆ ತೆರಿಗೆ ತಗಲುತ್ತಿರಲಿಲ್ಲ. ಸಂಬಳದ ಮೇಲೆ ಬದುಕುವ ಎಷ್ಟೋ ತರುಣರು ಹೀಗೆ ಗಾಡಿಯ ಒಡೆಯರಾದರು. 1973ರಲ್ಲಿ ತೆರಿಗೆಯ ಕ್ರಮ ಬದಲಾಯಿತು. ಅದೇ ವರ್ಷ ಈ ಗಾಡಿಯ ಹಕ್ಕು ಕೇಟರಮ್ ಎಂಬ ಸಂಸ್ಥೆಗೆ ಹೋಯಿತು. ಲೋಟಸ್ ಸೆವೆನ್ನಿನ ಒಳಗೆ ಉಕ್ಕಿನ ಕೊಳವೆಗಳ ಹಂದರ. ಅದರ ಮೇಲೆ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ ಮಾತ್ರ ತೂಗುತ್ತದೆ. ಹಗುರ ಗಾಡಿಗೆ ಸಣ್ಣ ಇಂಜಿನ್ ಸಾಕು.

ನಮ್ಮ ದೇಶದಲ್ಲಿ ಮನೆಯಲ್ಲಿ ಕಟ್ಟಿದ ಗಾಡಿಯನ್ನು ಹಾಗೆಯೇ ಬೀದಿಗಿಳಿಸುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಸ ಮಾದರಿಯೊಂದು ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಿದ್ಯಾರ್ಥಿಗಳ ಗಾಡಿಗಳು ಓಡುವುದು ಸ್ಪರ್ಧೆಯ ಅಂಗಳದಲ್ಲಿ ಮಾತ್ರ. ಆದರೆ ತಗಡಿಗೆ ಕಾನೂನು ತಿಳಿಯದು. ಅಂಗಳದ ಮಳೆಯೂ ಬೀದಿಯ ಮಳೆಯೂ ಅದಕ್ಕೆ ಒಂದೇ.

ಈಗ ಮೂಲ ಪ್ರಶ್ನೆಗೆ ಬರೋಣ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ; ಅಲ್ಯೂಮಿನಿಯಮ್ಮಿಗೆ ಏನೂ ಆಗುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಅದು ಅರ್ಧ ನಿಜ. ಹೊಸದಾಗಿ ಉಜ್ಜಿದ ಅಲ್ಯೂಮಿನಿಯಂ ಗಾಳಿಗೆ ಸೋಕಿದ ಕ್ಷಣವೇ ಆಮ್ಲಜನಕವನ್ನು ಹಿಡಿದುಕೊಂಡು ತನ್ನ ಮೇಲೆ ತಾನೇ ಒಂದು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲುಗಳಷ್ಟು ತೆಳು ಈ ಪೊರೆ. ಕಬ್ಬಿಣದ ತುಕ್ಕು ಹೊಪ್ಪಳೆಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಬಯಲಿಗಿಡುತ್ತದೆ. ಈ ಪೊರೆ ಹಾಗಲ್ಲ, ಬಿಗಿಯಾಗಿ ಅಂಟಿಕೊಂಡು ಕಾಯುತ್ತದೆ. ಗೀರು ಬಿದ್ದರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ.

ಆದರೆ ಈ ಪೊರೆಗೆ ಮೂವರು ಶತ್ರುಗಳುಂಟು. ಮೊದಲನೆಯದು ಉಪ್ಪು. ಕಡಲಗಾಳಿಯ ಉಪ್ಪು ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸೂಜಿಮೊನೆಯಷ್ಟು ಗುಳಿಗಳನ್ನು ಮಾಡುತ್ತದೆ; ಅದರ ಬಾಯಲ್ಲಿ ಬಿಳಿ ಹಿಟ್ಟಿನಂಥ ಪದಾರ್ಥ ಕೂರುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಇಂಗ್ಲೆಂಡಿನಲ್ಲಿ ಗಾಡಿಕಟ್ಟುಗರಿಗೆ ದೊಡ್ಡ ಚಿಂತೆ ಇದೇ. ಎರಡನೆಯದು ಕ್ಷಾರ: ಬಟ್ಟೆ ಒಗೆಯುವ ಸೋಡ, ಸುಣ್ಣ, ಸಿಮೆಂಟು. ತಾಯಂದಿರಿಗೆ ಇದು ಹೊಸತಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಗಡಸು ನೀರು ಕಾಯಿಸಿದರೆ ಒಳಗೆ ಕಪ್ಪಾಗುತ್ತದೆ, ಹುಣಿಸೆಹಣ್ಣು ಹಾಕಿ ಕುದಿಸಿದರೆ ಬೆಳ್ಳಗಾಗುತ್ತದೆ. ಪೊರೆಯ ಮೇಲೆ ಕ್ಷಾರವೂ ಹುಳಿಯೂ ಆಡುವ ಆಟವೇ ಅದು.

ಮೂರನೆಯ ಶತ್ರು ಎಲ್ಲಕ್ಕಿಂತ ಕಪಟಿ: ಬೇರೆ ಲೋಹದ ಸಹವಾಸ. ಉಕ್ಕೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿದ್ದು, ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಆ ಬ್ಯಾಟರಿಯಲ್ಲಿ ಸವೆಯುವ ಪಾತ್ರ ಅಲ್ಯೂಮಿನಿಯಮ್ಮಿನದು. ತಾಮ್ರವೋ ಹಿತ್ತಾಳೆಯೋ ತಾಗಿದ್ದರೆ ಸವೆತ ಇನ್ನೂ ಜೋರು. ಯುದ್ಧಾನಂತರ ಉಕ್ಕಿನ ಅಭಾವವಿದ್ದಾಗ, 1948ರಲ್ಲಿ ಬಂದ ಲ್ಯಾಂಡ್ ರೋವರ್ ಗಾಡಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಮೈ ಹೊದಿಸಿದರು. ಹಳೆಯ ಲ್ಯಾಂಡ್ ರೋವರುಗಳನ್ನು ಬಿಚ್ಚಿ ನೋಡಿದವರಿಗೆ ಗೊತ್ತು: ತಗಡಿನ ನಡುಭಾಗ ಗಟ್ಟಿಯಾಗಿಯೇ ಇರುತ್ತದೆ, ಉಕ್ಕಿನ ಚೌಕಟ್ಟಿಗೆ ತಾಗುವ ಅಂಚು ಮಾತ್ರ ಹಪ್ಪಳದಂತೆ ಪುಡಿಯಾಗಿರುತ್ತದೆ.

ಆದುದರಿಂದ ಮಕ್ಕಳಿಗೆ ನಾನು ಹೇಳಿದ ಮೊದಲ ಮಾತು ಇದು: ಹೊರಮೈಗೆ ಮೆರುಗು ಕೊಡುವ ಮುನ್ನ ಒಳಮೈಗೆ ಕಾಪು ಕೊಡಿ. ತಗಡನ್ನು ಹಂದರಕ್ಕೆ ಕೂರಿಸುವ ಮೊದಲು ಉಕ್ಕಿಗೆ ಪೂರ್ತಿ ಬಣ್ಣ ಹಾಕಬೇಕು. ತಗಡಿನ ಹಿಂಬದಿಗೂ ಪ್ರೈಮರು, ಬಣ್ಣ ಬೇಕು. ಅದನ್ನು ಯಾರೂ ನೋಡುವುದಿಲ್ಲ, ನೀರು ಮಾತ್ರ ನೋಡುತ್ತದೆ. ಎರಡು ಲೋಹ ಕೂಡುವಲ್ಲಿ ನೀರು ನುಗ್ಗದ ಸೀಲೆಂಟ್ ಅಥವಾ ನೀರು ಹೀರದ ಪಟ್ಟಿ ಇರಬೇಕು. ರಿವೆಟಿನ ತೂತು ಕೊರೆದಾಗ ಅಲ್ಲಿನ ಬಣ್ಣ ಹೋಗುತ್ತದೆ. ತೂತಿನ ಅಂಚಿಗೆ ಮತ್ತೆ ಪ್ರೈಮರು ಮುಟ್ಟಿಸಿ ರಿವೆಟನ್ನು ಸೀಲೆಂಟಿನಲ್ಲಿ ಅದ್ದಿ ಹೊಡೆಯಬೇಕು. ಬೋಲ್ಟುಗಳು ಸತುವಿನ ಲೇಪದವಾಗಿದ್ದರೆ ಒಳ್ಳೆಯದು. ಸತುವೂ ಅಲ್ಯೂಮಿನಿಯಮ್ಮೂ ಹೊಂದಿಕೊಂಡು ಬಾಳುತ್ತವೆ. ಹಿತ್ತಾಳೆಯ ತಿರುಪು ಬೇಡವೇ ಬೇಡ. ತಗ್ಗಿನಲ್ಲಿ ನಿಂತ ನೀರು ಹರಿದುಹೋಗಲು ದಾರಿ ಬಿಡಬೇಕು.

ಇಷ್ಟಾದ ಮೇಲೆ ಹೊರಮೈ. ಅದಕ್ಕೆ ಐದು ದಾರಿಗಳಿವೆ.

ಒಂದು, ಕನ್ನಡಿಯ ಮೆರುಗು. 400ನೆಯ ನಂಬರಿನ ವಾಟರ್ ಪೇಪರಿನಿಂದ ಆರಂಭಿಸಿ 600, 800, 1200 ಎಂದು ನೀರು ಹಾಕುತ್ತ ಉಜ್ಜಬೇಕು. ಪ್ರತಿ ಸಲವೂ ಹಿಂದಿನ ಗೀರುಗಳು ಪೂರ್ತಿ ಅಳಿದ ಮೇಲೆಯೇ ಮುಂದಿನ ಕಾಗದ. ಕೊನೆಗೆ ಬಟ್ಟೆಯ ಚಕ್ರಕ್ಕೆ ಪಾಲಿಶ್ ಹಚ್ಚಿ ಹೊಳಪು ತರಬೇಕು. ಚಕ್ರವನ್ನು ಒಂದೇ ಕಡೆ ಒತ್ತಿದರೆ ಕಾವೇರಿ ತೆಳು ತಗಡು ಸೊಟ್ಟಗಾಗುತ್ತದೆ. ಇದು ಎಲ್ಲಕ್ಕಿಂತ ಚೆಂದ, ಎಲ್ಲಕ್ಕಿಂತ ಕ್ಷಣಿಕ. ಮೇಣ ಹಚ್ಚಿದರೂ ಕೆಲವು ವಾರಗಳಲ್ಲಿ ಮಂಕಾಗುತ್ತದೆ. ಪ್ರತಿ ಪಾಲಿಶಿನಲ್ಲೂ ಲೋಹ ಒಂದಿಷ್ಟು ಹೋಗುತ್ತದೆಂಬುದನ್ನೂ ಮರೆಯಬಾರದು.

ಎರಡು, ಎಳೆಗೀರಿನ ಮೈ. ನೈಲಾನಿನ ಉಜ್ಜುಪಟ್ಟಿಯಿಂದ ಗಾಡಿಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ನೇರವಾಗಿ ಎಳೆಯುವುದು. ರೇಷ್ಮೆಯ ಎಳೆಯಂತೆ ಕಾಣುತ್ತದೆ. ಸಣ್ಣ ಗೀರುಗಳು ಅದರಲ್ಲಿಯೇ ಅಡಗುತ್ತವೆ. ಮಂಕಾದಾಗ ಅದೇ ದಿಕ್ಕಿಗೆ ನಾಲ್ಕು ಸಲ ಎಳೆದರೆ ಸರಿಹೋಗುತ್ತದೆ. ಕಬ್ಬಿಣದ ನಾರನ್ನು ಮಾತ್ರ ಬಳಸಕೂಡದು. ಅದರ ಚೂರು ತಗಡಿನಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆಯಾಗುತ್ತದೆ, ಆ ಚುಕ್ಕೆಯೇ ಗುಳಿಗೆ ಬೀಜವಾಗುತ್ತದೆ.

ಮೂರು, ಪಾರದರ್ಶಕ ಲ್ಯಾಕರ್. ಬೆಳ್ಳಿಯ ಕಾಂತಿಯೂ ಉಳಿಯಿತು, ಕಾಪೂ ಆಯಿತು ಎಂದು ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಕನ್ನಡಿಯಂಥ ನುಣುಪಿನ ಮೇಲೆ ಲ್ಯಾಕರಿಗೆ ಹಿಡಿತ ಸಾಲದು. ಕಲ್ಲು ಸಿಡಿದು ಒಂದು ಕಡೆ ಚಕ್ಕೆ ಎದ್ದರೆ ಸಾಕು, ತೇವ ಒಳಗೆ ಹೊಕ್ಕು ಹುಳು ಹರಿದಂತೆ ಗೆರೆಗಳನ್ನು ಮಾಡುತ್ತ ಹೋಗುತ್ತದೆ. ಆಮೇಲೆ ಪೂರ್ತಿ ಲ್ಯಾಕರನ್ನು ಕಿತ್ತು ಹೊಸದಾಗಿ ಆರಂಭಿಸದೆ ಗತ್ಯಂತರವಿಲ್ಲ.

ನಾಲ್ಕು, ಆನೊಡೈಸಿಂಗ್. ತಗಡನ್ನು ಗಂಧಕಾಮ್ಲದ ತೊಟ್ಟಿಯಲ್ಲಿ ಇಳಿಬಿಟ್ಟು ವಿದ್ಯುತ್ತು ಹರಿಸಿ, ಅದರ ಸಹಜ ಪೊರೆಯನ್ನೇ ದಪ್ಪವಾಗಿ ಬೆಳೆಸಿ, ಬಿಸಿನೀರಿನಲ್ಲಿ ಅದರ ರಂಧ್ರಗಳನ್ನು ಮುಚ್ಚುವ ಕ್ರಮ. ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ದಪ್ಪ ಬೆಳೆಸುತ್ತಾರೆ. ಇದು ಮೇಲೆ ಬಳಿದದ್ದಲ್ಲ, ಲೋಹದಿಂದಲೇ ಬೆಳೆದದ್ದು. ಆದುದರಿಂದ ಸುಲಭವಾಗಿ ಸುಲಿಯುವುದಿಲ್ಲ. ಆದರೆ ಬಗ್ಗಿಸುವ, ಕೊರೆಯುವ ಕೆಲಸವೆಲ್ಲ ಮೊದಲೇ ಮುಗಿದಿರಬೇಕು. ಆಮೇಲೆ ಬಗ್ಗಿಸಿದರೆ ಪೊರೆ ಬಿರುಕು ಬಿಡುತ್ತದೆ. ಬೆಸುಗೆಯ ಜಾಗ ಬೇರೆ ಬಣ್ಣ ತೋರುತ್ತದೆ. ತೊಟ್ಟಿಗಿಂತ ದೊಡ್ಡ ತಗಡಿಗೆ ಇದು ಸಾಧ್ಯವಿಲ್ಲ.

ಐದು, ಬಣ್ಣ. ಇದಕ್ಕೂ ವಿಧಿ ಇದೆ. ಮೈಯನ್ನು ಉಜ್ಜಿ, ಎಣ್ಣೆಯಂಶ ತೆಗೆದು, ತಡಮಾಡದೆ ಅದೇ ದಿನ ಎಚ್ ಪ್ರೈಮರ್ ಹೊಡೆಯಬೇಕು. ಬರಿಗೈ ಮುಟ್ಟಿದರೆ ಬೆವರಿನ ಉಪ್ಪು ಅಲ್ಲಿಯೇ ಉಳಿಯುತ್ತದೆ. ಹಿಂದೆ ಇದಕ್ಕೆ ಕ್ರೋಮೇಟ್ ಕೂಡಿದ ಪ್ರೈಮರು ಬಹುವಾಗಿ ಬಳಕೆಯಲ್ಲಿತ್ತು. ಅದು ಕ್ಯಾನ್ಸರಿಗೆ ಕಾರಣವೆಂದು ತಿಳಿದುಬಂದಿದೆ. ಕ್ರೋಮೇಟ್ ಇಲ್ಲದ್ದನ್ನೇ ಕೇಳಿ ಕೊಳ್ಳಿರಿ.

ನಮ್ಮ ಬೆಂಗಳೂರಿನ ಎಚ್.ಎ.ಎಲ್. 1940ರಲ್ಲಿ ಆರಂಭವಾದುದು ತಮಗೆಲ್ಲ ತಿಳಿದಿದೆ. ವಿಮಾನದ ತಗಡಿನಲ್ಲಿ ಒಂದು ಜಾಣತನವಿದೆ. ವಿಮಾನಕ್ಕೆ ಬೇಕಾದ ಬಲವಾದ ಮಿಶ್ರಲೋಹದಲ್ಲಿ ತಾಮ್ರ ಇರುತ್ತದೆ. ಅದರಿಂದ ಬಲ ಬರುತ್ತದೆ, ಸವೆತವೂ ಬರುತ್ತದೆ. ಆದುದರಿಂದ ಎರಡು ಬದಿಗೂ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಹೊದಿಕೆ ಕೂರಿಸಿ ತಗಡು ಮಾಡುತ್ತಾರೆ. ಹಿತ್ತಾಳೆಯ ಪಾತ್ರೆಗೆ ನಾವು ಹಾಕಿಸುವ ಕಲಾಯಿ ಇದ್ದಂತೆ! ಅಂಥ ತಗಡು ಗುಜರಿಯಲ್ಲಿ ಸಿಕ್ಕಿತೆಂದು ತಂದು ಮರಳುಕಾಗದದಿಂದ ಬಲವಾಗಿ ಉಜ್ಜಿದರೆ ಕಲಾಯಿಯನ್ನೇ ಕೆರೆದಂತಾಗುತ್ತದೆ. ಯಾವ ತಗಡು ಎಂದು ಮೊದಲು ತಿಳಿದು ಅನಂತರ ಕೈಹಾಕಬೇಕು.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಯೂಮಿನಿಯಮ್ಮಿನ ನುಣುಪು ಧೂಳಿಗೆ ಬೆಂಕಿ ಹತ್ತುತ್ತದೆ. ಗಾಳಿಯಲ್ಲಿ ತುಂಬಿಕೊಂಡರೆ ಸ್ಫೋಟಿಸಲೂಬಹುದು. ಕಬ್ಬಿಣ ಉಜ್ಜಿದ ಚಕ್ರದಲ್ಲಿಯೇ ಇದನ್ನೂ ಉಜ್ಜಿ, ತುಕ್ಕಿನ ಪುಡಿಯೂ ಇದರ ಪುಡಿಯೂ ಬೆರೆತು ಬಿದ್ದಿರುವಲ್ಲಿ ಕಿಡಿ ಹಾರಿದರೆ ಅನಾಹುತ. ಆ ಬೆಂಕಿಗೆ ನೀರು ಹಾಕಬಾರದು. ಒಣ ಮರಳು ಮುಚ್ಚಬೇಕು. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಇಲ್ಲದೆ ಮಕ್ಕಳನ್ನು ಆ ಕೆಲಸಕ್ಕೆ ಬಿಡಬೇಡಿರಿ.

ಈಗ ನನ್ನ ವೃತ್ತಿಯ ಭಾಷೆಯಲ್ಲಿ ಎರಡು ಮಾತು. ಲೆಕ್ಕಶಾಸ್ತ್ರದಲ್ಲಿ ಆಸ್ತಿಯೊಂದನ್ನು ಕೊಂಡ ದಿನದಿಂದಲೇ ಅದರ ಸವಕಳಿಯನ್ನು ಬರೆಯುತ್ತ ಹೋಗುತ್ತೇವೆ. ಅಂಗಡಿಗೆ ಕೊಟ್ಟ ಹಣ ಮೊದಲ ದಿನದ ಬೆಲೆ ಮಾತ್ರ. ಉಳಿಸಿಕೊಳ್ಳುವ ಶ್ರಮ ಪ್ರತಿ ತಿಂಗಳ ಬೆಲೆ. ಕನ್ನಡಿಯ ಮೆರುಗಿಗೆ ತಿಂಗಳಿಗೆ ಎರಡು ಗಂಟೆಯೆಂದು ಹಿಡಿದರೂ ವರ್ಷಕ್ಕೆ 24 ಗಂಟೆಯಾಯಿತು. ಪರೀಕ್ಷೆ ಹತ್ತಿರ ಬಂದಾಗ ಆ ಎರಡು ಗಂಟೆ ಯಾರು ಕೊಡುತ್ತಾರೆ? ಈ ಲೆಕ್ಕ ಹಾಕಿ ನೋಡಿ, ಹೊರಗೆ ಎಳೆಗೀರು ಮತ್ತು ಮೇಣ, ಒಳಗೆ ಪ್ರೈಮರು ಮತ್ತು ಬಣ್ಣ ಎಂದು ನಾನು ಸಲಹೆ ಕೊಟ್ಟೆ. ಹುಡುಗನಿಗೆ ಕನ್ನಡಿಯ ಆಸೆ ಇನ್ನೂ ಬಿಟ್ಟಿಲ್ಲ. ಹುಡುಗಿ ಮಾತ್ರ ಮೊದಲು ಸೀಲೆಂಟಿನ ಬೆಲೆ ಕೇಳಿದಳು. ತೀರ್ಮಾನ ತಂಡದ್ದು.

ಮೋಟಾರು ಕಟ್ಟದ ನಮಗೆ ಇದರಿಂದೇನು ಪ್ರಯೋಜನವೆಂದು ಕೇಳುವಿರಾದರೆ, ಕಡಲ ಬದಿಯ ಊರಿನಲ್ಲಿ ನಮ್ಮೆಲ್ಲರ ಮನೆಗಳಲ್ಲಿಯೂ ಅಲ್ಯೂಮಿನಿಯಮ್ಮಿನ ಕಿಟಕಿಗಳಿವೆ. ಮನೆಯಲ್ಲಿ ಗಾರೆಕೆಲಸ ನಡೆದಾಗ ಚೌಕಟ್ಟಿನ ಮೇಲೆ ಸಿಡಿದ ಸಿಮೆಂಟನ್ನು ಒಣಗುವ ಮೊದಲೇ ತೊಳೆಯಿರಿ. ಕಲೆ ಕೂತರೆ ಹೋಗುವುದಿಲ್ಲ. ಸೋಡದ ನೀರು ಬೇಡ, ಸೌಮ್ಯವಾದ ಸಾಬೂನು ಸಾಕು. ಸಿಹಿನೀರಿನಲ್ಲಿ ಆಗಾಗ ಒರೆಸಿದರೆ ಉಪ್ಪು ಕೂರುವುದಿಲ್ಲ. ಸ್ಕೂಟರು ಕಾರುಗಳ ಮೇಲೆ ಒದ್ದೆ ಹೊದಿಕೆಯನ್ನು ಹಾಗೆಯೇ ಬಿಡಬೇಡಿರಿ. ಬಿಸಿಲು ಮಳೆಗಿಂತ ಒಳಗೆ ಕೂತ ತೇವ ಕೆಟ್ಟದ್ದು.

ಬಣ್ಣವಿಲ್ಲದೆ ಬಿಡುವುದೆಂದರೆ ಕೆಲಸವಿಲ್ಲದೆ ಬಿಡುವುದೆಂದಲ್ಲ. ಹೊಳೆಯುವ ಮೈಯ ಆಯುಷ್ಯ ನಿಂತಿರುವುದು ಕಣ್ಣಿಗೆ ಬೀಳದ ಕೀಲುಗಳ ಮೇಲೆ.