ಮಗುವಿನ ಮಾತಿಗೆ ಕಿವಿಗೊಡೋಣ
(ಶತಮಾನೋತ್ಸವದ ಕುಟುಂಬ ದಿನದಂದು ಮಾಡಿದ ಭಾಷಣ)



ಈ ದೇವಾಲಯದ ಜ್ಞಾನಸ್ನಾನದ ತೊಟ್ಟಿಯ ಬಳಿಗೆ ನೂರು ವರ್ಷಗಳಿಂದ ಕೂಸುಗಳನ್ನು ಎತ್ತಿಕೊಂಡು ಬಂದವರು ನಾವು. ಮಗುವನ್ನು ಸನ್ಮಾರ್ಗದಲ್ಲಿ ಬೆಳೆಸುವೆವೆಂದು ಹೆತ್ತವರೂ ಜ್ಞಾನ ತಂದೆತಾಯಿಗಳೂ ಅಲ್ಲಿ ಮಾತು ಕೊಡುತ್ತೇವೆ. ಆ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ? ಈ ಸಂಭ್ರಮದ ನಡುವೆಯೂ ಇದನ್ನು ಕೇಳಿಕೊಳ್ಳುವುದು ಉಚಿತ.

ಅನ್ನ, ಬಟ್ಟೆ, ವಿದ್ಯೆಗಳಿಗೆ ನಾವು ಕೊರತೆ ಮಾಡಿಲ್ಲ. ಸಾಲ ಮಾಡಿಯಾದರೂ ಶಾಲೆಯ ಶುಲ್ಕ ಕಟ್ಟಿದ್ದೇವೆ. ಆದರೆ ಮಗುವಿನ ಮಾತಿಗೆ ಕಿವಿಗೊಟ್ಟಿದ್ದೇವೆಯೆ? ನಲಿಯುತ್ತಿದ್ದ ಹುಡುಗಿ ಒಮ್ಮೆಲೇ ಮಂಕಾದಾಗ, ಬಂಧುವೊಬ್ಬರ ಮನೆಗೆ ಹೋಗಲಾರೆನೆಂದು ಹುಡುಗ ಹಟ ಹಿಡಿದಾಗ, "ದೊಡ್ಡವರ ವಿಷಯದಲ್ಲಿ ಹಾಗೆಲ್ಲ ಆಡಬಾರದು" ಎಂದು ಗದರಿಸಿದವರು ನಮ್ಮಲ್ಲಿಯೇ ಇದ್ದೇವೆ. ಮನೆತನದ ಮಾನ ಉಳಿಯಿತೆಂದುಕೊಂಡೆವು; ಮಗುವಿನ ನೆಮ್ಮದಿ ಅಳಿಯಿತು. ಮಕ್ಕಳಿಗೆ ಕೇಡೆಸಗುವವರು ಬಹುಮಟ್ಟಿಗೆ ಅಪರಿಚಿತರಲ್ಲ, ಮಗು ನಂಬಿದವರೇ. ಬಾಯಿಬಿಡಲು ಅದು ಅಂಜುವುದೂ ಇದರಿಂದಲೇ.

ಬಾಲಯೇಸುವಿಗೆ ಹೆರೋದನಿಂದ ಅಪಾಯವಿದೆಯೆಂದು ತಿಳಿದಾಗ ಸಂತ ಜೋಸೆಫರು ಊರವರು ಏನೆಂದಾರೆಂದು ಅಳುಕಲಿಲ್ಲ. ಬೆಳಗಾಗಲೆಂದು ಕಾಯಲೂ ಇಲ್ಲ. ಆ ರಾತ್ರಿಯೇ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಪಾಲಕರಾದವರ ಧರ್ಮ ಇದು.

ನಮ್ಮ ದೇಶದ ಕಾನೂನೂ ಇಂಥ ಎಚ್ಚರವನ್ನೇ ಬಯಸುತ್ತದೆ. 2012ರ ಪೋಕ್ಸೋ ಕಾಯಿದೆಯಂತೆ 18 ವರ್ಷ ತುಂಬದವರೆಲ್ಲರೂ, ಗಂಡಾಗಲಿ ಹೆಣ್ಣಾಗಲಿ, ಮಕ್ಕಳೇ. ಅವರ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ಬಲ್ಲ ಹಿರಿಯರು ಪೊಲೀಸರಿಗೆ ತಿಳಿಸದಿರುವುದು ಶಿಕ್ಷಾರ್ಹ. ಮಗುವನ್ನು ಠಾಣೆಗೆ ಎಳೆದಾಡಿಸುವರೆಂಬ ಭಯ ಬೇಡ. ಅದರ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ ಪಡೆಯಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿರಕೂಡದು. 1098 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ನೆರವು ಕೇಳಬಹುದು.

ಧರ್ಮಸಭೆಯೂ ಈ ವಿಷಯದಲ್ಲಿ ತನ್ನೊಳಗಿನ ತಪ್ಪುಗಳನ್ನು ಒಪ್ಪಿಕೊಂಡಿದೆ. ಗುರುಗಳಿಂದಾಗಲಿ ಧಾರ್ಮಿಕರಿಂದಾಗಲಿ ಇಂಥ ಅಪರಾಧ ನಡೆದಿದೆಯೆಂದು ತಿಳಿದರೆ ಇತರ ಗುರುಗಳೂ ಧಾರ್ಮಿಕರೂ ಅದನ್ನು ಮೇಲಧಿಕಾರಿಗಳಿಗೆ ವರದಿಮಾಡಬೇಕೆಂದು ಅಂದಿನ ಜಗದ್ಗುರು ಫ್ರಾನ್ಸಿಸರು 2019ರಲ್ಲಿ ವಿಧಿಸಿದರು. ದೇವರ ಮನೆಯಲ್ಲಿಯೂ ಮುಚ್ಚಿಡಬಾರದಾದುದನ್ನು ನಮ್ಮ ಮನೆಗಳಲ್ಲಿ ಮುಚ್ಚಿಡುವುದು ಹೇಗೆ ಸರಿಯಾದೀತು?

ಪ್ರಿಯರೇ, ಪ್ರತಿದಿನ ಸಂಜೆಯ ಪ್ರಾರ್ಥನೆಯಾದ ಮೇಲೆ ಕಾಲು ಗಂಟೆ ಮಕ್ಕಳೊಡನೆ ಕುಳಿತುಕೊಳ್ಳೋಣ. ಉಪದೇಶ ಬೇಡ, ಅವರು ಹೇಳಲಿ, ನಾವು ಕೇಳೋಣ. ಮಗು ನಡುಗುತ್ತ ಏನನ್ನಾದರೂ ಹೇಳಿದರೆ, "ಇದು ನಿನ್ನ ತಪ್ಪಲ್ಲ, ಹೇಳಿದ್ದು ಒಳ್ಳೆಯದಾಯಿತು" ಎಂದು ಅಪ್ಪಿಕೊಳ್ಳೋಣ. ಅನಂತರ ಮಾಡಬೇಕಾದುದನ್ನು ತಡಮಾಡದೆ ಮಾಡೋಣ.

ನಮ್ಮ ಹಿರಿಯರು ಕಲ್ಲು ಹೊತ್ತು ಈ ದೇವಾಲಯವನ್ನು ಕಟ್ಟಿದರು. ಇದರ ನೆರಳಿನಲ್ಲಿ ಯಾವ ಮಗುವೂ ಅಂಜದೆ ಬೆಳೆಯುವಂತೆ ನೋಡಿಕೊಳ್ಳುವುದು ಎರಡನೆಯ ಶತಮಾನಕ್ಕೆ ನಮ್ಮ ಕಾಣಿಕೆಯಾಗಲಿ.